‘ಇಂದ’ ಎಂಬ ಪ್ರತ್ಯಯದ ಮಹಿಮೆ

ಬಜೆಟ್ ಹೋಟೆಲುಗಳ ಜಾಹೀರಾತು ನೋಡಿರ್ತೀರಿ. ‘999 ರೂಪಾಯಿಯಿಂದ ಆರಂಭ’. 999 ಅನ್ನೋದು ಆನೆ ಗಾತ್ರದಲ್ಲಿ, ‘ಇಂದ ಆರಂಭ’ ಅನ್ನೋದು ಇರುವೆ ಗಾತ್ರದಲ್ಲಿ. ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸುವಾಗ ಉ, ಅನ್ನು, ಇಂದ, ಗೆ ಅಂತ ರಾಗವಾಗಿ ಒಪ್ಪಿಸ್ತಿದ್ವಿ. ಈ ‘ಇಂದ’ಕ್ಕೆ ಇಷ್ಟು ದುಡಿಯುವ ತಾಕತ್ತಿದೆ ಅಂತ ಆಗ ಗೊತ್ತಿರಲಿಲ್ಲ. ಎಲ್ಲಿಂದ ಶುರು ಅಂತ ಅದು ಹೇಳುತ್ತೆ. ಎಲ್ಲಿ ನಿಲ್ಲುತ್ತೆ ಅಂತ ಹೇಳಲ್ಲ. ಬೇರೆ ದಿನಗಳಲ್ಲಿ ನಮಗೆ ಅದು ಬೇಕಾಗೂ ಇರಲ್ಲ. ದಸರಾ, ಕ್ರಿಸ್‌ಮಸ್, ಹೊಸವರ್ಷ, ಶುಕ್ರವಾರ ಬಿದ್ದ ಸರ್ಕಾರಿ ರಜೆ, ಇಂಥ ದಿನಗಳಲ್ಲೇ ಬೇಕಾಗೋದು.

2025ರ ದಸರಾಕ್ಕೆ ಅಪ್ಪ ಅಮ್ಮನ್ನ ಮೈಸೂರಿಗೆ ಕರ್ಕೊಂಡು ಹೋಗಬೇಕು ಅಂದ್ಕೊಂಡಿದ್ದೆ. ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಮದುವೆಗೆ ಮುಂಚೆ ಊರಿನ ಹುಡುಗರ ಜೊತೆ ಬಂದು ಜಂಬೂಸವಾರಿ ನೋಡಿದ್ರಂತೆ. ರಾತ್ರಿ ರೈಲ್ವೆ ಸ್ಟೇಷನ್ನಿನಲ್ಲಿ ಟವೆಲ್ ಹಾಸ್ಕೊಂಡು ಮಲಗಿದ್ದು, ಬೆಳಿಗ್ಗೆ ಎದ್ದಾಗ ಒಂದು ಚಪ್ಪಲಿ ಮಾತ್ರ ಉಳಿದಿದ್ದು, ಈ ಕಥೆಯನ್ನ ನೂರು ಸಲ ಕೇಳಿದೀನಿ. ಅಮ್ಮ ದಸರಾ ನೋಡೇ ಇರಲಿಲ್ಲ. ಅವಳಿಗೆ ಮಂಡಿನೋವು. ಅಷ್ಟು ಜನದ ಮಧ್ಯೆ ನಿಂತು, ಅದೇ ರಾತ್ರಿ ಬಸ್ಸು ಹತ್ತಿಸಿ ವಾಪಸ್ ಕರ್ಕೊಂಡು ಬರೋ ಮಾತೇ ಇರಲಿಲ್ಲ. ರೂಮು ಬೇಕೇ ಬೇಕು.

ರೂಮು ಯಾವುದು ಅಂತಾನೂ ಗೊತ್ತಿತ್ತು. ಆಗಸ್ಟಿನಲ್ಲಿ ಗೆಳೆಯನ ಮದುವೆಗೆ ಹೋದಾಗ ಉಳ್ಕೊಂಡಿದ್ದ ಲಾಡ್ಜು, ಸಯ್ಯಾಜಿ ರಾವ್ ರಸ್ತೆಗೆ ನಡ್ಕೊಂಡು ಹೋಗುವಷ್ಟು ಹತ್ತಿರ. ಎರಡು ಮಂಚ, ಒಂದು ಟಿವಿ, ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ. 1,650 ರೂಪಾಯಿ, ಶೇ. 12 ಜಿಎಸ್‌ಟಿ ಸೇರಿ 1,848. ದಸರಾಕ್ಕೆ ಡಬಲ್ ಆಗುತ್ತೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಟ್ಟಿದ್ದೆ. ಆದರೆ ಆಫೀಸಿನಲ್ಲಿ ಸೆಪ್ಟೆಂಬರ್ 26ಕ್ಕೆ ರಿಲೀಸ್ ಇತ್ತು. ಅದು ಮುಗಿಯೋ ತನಕ ರಜೆ ಸಿಗುತ್ತೋ ಇಲ್ಲವೋ ಗ್ಯಾರಂಟಿ ಇರಲಿಲ್ಲ. 27ರ ಶನಿವಾರ ಬೆಳಿಗ್ಗೆ ಆಪ್ ತೆಗೆದರೆ, ವಿಜಯದಶಮಿಯ ರಾತ್ರಿಗೆ, ಅಂದ್ರೆ ಅಕ್ಟೋಬರ್ 2ಕ್ಕೆ, ಅದೇ ರೂಮು 5,899. ಮನೆಯವಳನ್ನ ಕೇಳಿ ಬರೋಣ ಅಂತ ಟೀ ಕುಡಿದು ಬಂದೆ. 6,450. ಮಧ್ಯಾಹ್ನ ಬೇರೆ ಕಡೆಯೆಲ್ಲ ಹುಡುಕಿ ಸುಸ್ತಾಗಿ ಸಂಜೆ ವಾಪಸ್ ಬಂದಾಗ 7,499, ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಒಂದೇ ರೂಮು ಬಾಕಿ’. ಬಿಸಿನೀರಿನ ಟೈಮಿಂಗ್ ಮಾತ್ರ ಹಾಗೇ ಇತ್ತು.

ಇದರಲ್ಲಿ ಒಂದು ತಮಾಷೆ ಇದೆ. ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆಯಾದ ದಿನವೇ, ಸೆಪ್ಟೆಂಬರ್ 22ಕ್ಕೆ, ಹೊಸ ಜಿಎಸ್‌ಟಿ ಜಾರಿಗೆ ಬಂತು. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳೀತು. ಮಧ್ಯಮ ವರ್ಗಕ್ಕೆ ಹಬ್ಬದ ಉಡುಗೊರೆ ಅಂತ ಪೇಪರುಗಳಲ್ಲೆಲ್ಲ ಬಂತು. ನನ್ನ 1,650ರ ರೂಮಿನ ಲೆಕ್ಕದಲ್ಲಿ ಆ ಉಡುಗೊರೆ 115 ರೂಪಾಯಿ 50 ಪೈಸೆ. ರೂಮಿನ ಬೆಲೆ ಏರಿದ್ದು 5,849 ರೂಪಾಯಿ.

ಈಗ ಆ 7,499ನ್ನೇ ಇನ್ನೊಂದು ಸಲ ನೋಡಿ. 7,500 ದಾಟಿದರೆ ತೆರಿಗೆ ಶೇ. 18. ಅಂದ್ರೆ 7,499ಕ್ಕೆ ಗಿರಾಕಿ ಕೊಡೋದು 7,874. ಅದೇ 7,501 ಆದರೆ 8,851. ಎರಡು ರೂಪಾಯಿ ಮೇಲಕ್ಕೆ ಹೋದರೆ ಬಿಲ್ಲು ಸುಮಾರು 977 ರೂಪಾಯಿ ಏರುತ್ತೆ. ಈ ತೆರಿಗೆ ನೋಡೋದು ಬೋರ್ಡಿನ ಮೇಲಿನ ರೇಟನ್ನಲ್ಲ, ನಿಜವಾಗಿ ವಸೂಲಿ ಮಾಡಿದ ಬೆಲೆಯನ್ನ. ಹಾಗಾಗಿ ಬೆಲೆ ಆ ಗೆರೆಯ ಹಿಂದೆ ಬಂದು ಜಾಣನ ಥರ ನಿಂತಿತ್ತು. ಮನುಷ್ಯರ ಜೇಬು ನೋಡಿ ನಿಲ್ಲದ ಬೆಲೆ ತೆರಿಗೆಯ ಸ್ಲ್ಯಾಬ್ ನೋಡಿ ನಿಲ್ತು.

ಇದು ನನಗೆ ಅಷ್ಟು ಬೇಗ ಹೊಳೆದಿದ್ದಕ್ಕೆ ಕಾರಣ ಇದೆ. ಬಿಇ ಮುಗಿಸಿ ನಾನು ಸೇರಿದ ಎರಡನೇ ಕಂಪನಿ, ಈಗದು ಇಲ್ಲ, ಸಣ್ಣ ಹೋಟೆಲುಗಳಿಗೆ ರೇಟು ನಿರ್ಧಾರ ಮಾಡೋ ಸಾಫ್ಟ್‌ವೇರ್ ಮಾಡ್ತಿತ್ತು. ಅದರ ಸೆಟ್ಟಿಂಗ್ಸ್ ಪೇಜು ಬರೆದವನು ನಾನು. ಕನಿಷ್ಠ ಬೆಲೆ, ಗರಿಷ್ಠ ಬೆಲೆ ಅಂತ ಎರಡು ಖಾನೆ. ಕನಿಷ್ಠ ತುಂಬದೆ ಸೇವ್ ಬಟನ್ ಒತ್ತಿದರೆ ಕೆಂಪು ಎರರ್ ಬರೋದು. ಗರಿಷ್ಠ ಖಾಲಿ ಬಿಟ್ಟರೂ ನಡೀತಿತ್ತು. ಮಾಲೀಕನಿಗೆ ನಷ್ಟ ಆಗಬಾರದು, ಅದಕ್ಕೆ ಕೆಳಗಿನ ಮಿತಿ ಕಡ್ಡಾಯ. ಗಿರಾಕಿಗೆ ಏನಾದ್ರೂ ಆಗಬಾರದು ಅನ್ನೋ ಯೋಚನೆ ಆ ಮೀಟಿಂಗಿನಲ್ಲಿ ಬರಲೇ ಇಲ್ಲ. ಬಂದಿದ್ದರೂ ನಾನು ಬಾಯಿ ಬಿಡ್ತಿದ್ದೆ ಅಂತ ಹೇಳಲಾರೆ, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ.

ಈ ಲೆಕ್ಕಾಚಾರ ವಿಮಾನದಿಂದ ಬಂದಿದ್ದು. 1972ರಲ್ಲಿ ಬ್ರಿಟಿಷ್ ವಿಮಾನ ಕಂಪನಿ ಬಿಒಎಸಿಯ ಕೆನ್ ಲಿಟಲ್‌ವುಡ್ ಒಂದು ಸೂತ್ರ ಬರೆದ: ಈಗ ಕಮ್ಮಿ ದುಡ್ಡಿಗೆ ಕೇಳ್ತಿರೋನಿಗೆ ಸೀಟು ಕೊಡಬೇಕೋ, ಆಮೇಲೆ ಜಾಸ್ತಿ ಕೊಡಬಹುದಾದವನಿಗೆ ಇಟ್ಟುಕೊಳ್ಳಬೇಕೋ? 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇದನ್ನ ಕಂಪ್ಯೂಟರಿನಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿ, ಪೀಪಲ್ ಎಕ್ಸ್‌ಪ್ರೆಸ್ ಅನ್ನೋ ಅಗ್ಗದ ವಿಮಾನ ಕಂಪನಿಯ ಸೊಂಟ ಮುರೀತು. ಅಗ್ಗದ ಸೇವೆಯನ್ನ ಹೊಡೆಯೋಕೆ ಬಳಸಿದ ಆಯುಧ ಈಗ ಅಗ್ಗದ ಲಾಡ್ಜುಗಳ ಕೈಯಲ್ಲಿದೆ. ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನ ನಾಳೆ ಮಾರೋಕಾಗಲ್ಲ, ಖಾಲಿ ಹಾರಿದ ಸೀಟಿನ ಥರಾನೇ. ಅಷ್ಟು ಮಟ್ಟಿಗೆ ತರ್ಕ ಸರಿಯೇ.

ತೊಂದರೆ ಶುರುವಾಗೋದು ಮೆಷಿನ್ನುಗಳು ಒಂದನ್ನೊಂದು ನೋಡೋಕೆ ಶುರು ಮಾಡಿದಾಗ. ನಮ್ಮ ಸಾಫ್ಟ್‌ವೇರು ಎರಡು ಗಂಟೆಗೊಮ್ಮೆ ಅಕ್ಕಪಕ್ಕದ ಹೋಟೆಲುಗಳ ರೇಟು ನೋಡಿ ತನ್ನದನ್ನ ಬದಲಾಯಿಸ್ತಿತ್ತು. ಪಕ್ಕದವನ ಸಾಫ್ಟ್‌ವೇರೂ ನಮ್ಮನ್ನ ನೋಡ್ತಿತ್ತು. ಇಬ್ಬರೂ ಪರಸ್ಪರ ನೋಡಿಕೊಂಡು ಮೇಲೇರಿದರೆ ಏನಾಗುತ್ತೆ ಅನ್ನೋದಕ್ಕೆ ಪ್ರಸಿದ್ಧ ಉದಾಹರಣೆ 2011ರದ್ದು. ನೊಣದ ಬೆಳವಣಿಗೆ ಬಗ್ಗೆ ಇರುವ ‘ದಿ ಮೇಕಿಂಗ್ ಆಫ್ ಎ ಫ್ಲೈ’ ಅನ್ನೋ ಪುಸ್ತಕದ ಬೆಲೆ ಅಮೆಜಾನಿನಲ್ಲಿ ಎರಡು ಕೋಟಿ 36 ಲಕ್ಷ ಡಾಲರ್ ದಾಟಿತ್ತು. ಮಾರೋ ಇಬ್ಬರ ಪ್ರೋಗ್ರಾಮುಗಳು ಒಂದರ ಬೆಲೆ ನೋಡಿ ಇನ್ನೊಂದು ಏರಿಸುತ್ತಾ ಹೋಗಿದ್ದವು. ಅದು ಪುಸ್ತಕ, ಎಲ್ಲರೂ ನಕ್ಕು ಸುಮ್ಮನಾದರು. ಮಂಡಿನೋವಿನ ಅಮ್ಮನ್ನ ಪಕ್ಕದಲ್ಲಿಟ್ಟುಕೊಂಡು ಲಾಬಿಯಲ್ಲಿ ನಿಂತವನಿಗೆ ನಗು ಬರಲ್ಲ.

ಆಫೀಸಿನಲ್ಲಿ ಇದನ್ನ ಹೇಳಿದರೆ ಒಬ್ಬ ಗೆಳೆಯ, “ಡಿಮ್ಯಾಂಡ್-ಸಪ್ಲೈ ಗುರು, ಕ್ಯಾಬಿನ ಸರ್ಜ್ ಥರಾನೇ” ಅಂದ. ಅಲ್ಲ. ಮಳೆ ಬಂದಾಗ ಕ್ಯಾಬ್ ರೇಟು ಏರಿದರೆ ಮನೇಲಿ ಕೂತ ಡ್ರೈವರ್ ಇನ್ನೂರು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಗಾಡಿ ತೆಗೀಬಹುದು. ಬೆಲೆ ಏರಿದ್ದಕ್ಕೆ ಸಪ್ಲೈ ಒಂದಿಷ್ಟು ಹೆಚ್ಚುತ್ತೆ. ದಸರಾಕ್ಕೆ ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ ಬಿಡುತ್ತೆ, ಅಲ್ಲೂ ಸೀಟು ಹೆಚ್ಚುತ್ತೆ. 22 ರೂಮಿನ ಲಾಡ್ಜಿನಲ್ಲಿ ರೇಟು ಐದು ಪಟ್ಟಾದರೂ ವಿಜಯದಶಮಿ ರಾತ್ರಿಗೆ 23ನೇ ರೂಮು ಹುಟ್ಟಲ್ಲ. ಅಲ್ಲಿ ಬೆಲೆ ಮಾಡೋದು ಒಂದೇ ಕೆಲಸ: ಬಾಗಿಲಲ್ಲಿ ನಿಂತು ಯಾರು ಒಳಗೆ, ಯಾರು ಹೊರಗೆ ಅಂತ ಆರಿಸೋದು.

ವಿಚಿತ್ರ ಅಂದ್ರೆ, ಸಪ್ಲೈ ಹೆಚ್ಚಿಸಬಲ್ಲ ಕ್ಯಾಬಿಗೆ ಮಿತಿ ಇದೆ, ಹೆಚ್ಚಿಸಲಾಗದ ರೂಮಿಗೆ ಇಲ್ಲ. ಕೇಂದ್ರದ 2020ರ ಮಾರ್ಗಸೂಚಿಯಲ್ಲಿ ಕ್ಯಾಬ್ ಸರ್ಜ್ ಮೂಲ ದರದ ಒಂದೂವರೆ ಪಟ್ಟು ಮೀರಬಾರದು ಅಂತಿತ್ತು, 2025ರಲ್ಲಿ ಅದನ್ನ ಎರಡು ಪಟ್ಟು ಮಾಡಿದರು. ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ 2016ರಲ್ಲಿ ಬಂದ ಫ್ಲೆಕ್ಸಿ ಫೇರನ್ನ ನಾವೆಲ್ಲ ಸಿಕ್ಕಾಪಟ್ಟೆ ಬೈದ್ವಿ. ಅದರಲ್ಲೂ ಏರಿಕೆ 1.4 ಪಟ್ಟಿಗೆ ನಿಲ್ಲುತ್ತೆ. ಹತ್ತು ರೂಪಾಯಿಯ ಸೋಪಿನ ಮೇಲೂ ಎಂಆರ್‌ಪಿ ಮುದ್ರಿಸುವ ದೇಶ ನಮ್ಮದು.

ಮಾಲೀಕರನ್ನ ಖಳನಾಯಕ ಮಾಡೋದು ಸುಲಭ. ನನ್ನ ಹಳೇ ಕೆಲಸದಿಂದಾಗಿ ಆ ಕಡೆಯ ಕಷ್ಟವೂ ಗೊತ್ತು. ಸೋಮವಾರದಿಂದ ಗುರುವಾರದವರೆಗೆ ಅರ್ಧ ರೂಮು ಖಾಲಿ. ಕರೆಂಟು ಬಿಲ್ಲು, ಲೈಸೆನ್ಸು, ಲಾಂಡ್ರಿ ಖಾಲಿ ಇರಲ್ಲ. ಆಪ್‌ಗಳ ಕಮಿಷನ್ ಕೊಟ್ಟು ಉಳಿಯೋದರಲ್ಲಿ ವರ್ಷ ತಳ್ಳಬೇಕು. ಆಪ್‌ಗಳು ಷರತ್ತು ಹಾಕೋದೂ ಸುಳ್ಳಲ್ಲ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ರೂಪಾಯಿ ದಂಡ ಹಾಕಿದ ಪ್ರಕರಣದಲ್ಲಿ, ಬೇರೆ ಕಡೆ ಇದಕ್ಕಿಂತ ಕಮ್ಮಿಗೆ ರೂಮು ಕೊಡಬಾರದು ಅನ್ನೋ ಕರಾರೂ ಒಂದು ವಿಷಯವಾಗಿತ್ತು. (ನಾನು ಬುಕ್ ಮಾಡಿದ್ದು ಬೇರೆ ಕಡೆ.) ಆದರೆ ಹಬ್ಬದ ಆ ದುಡ್ಡು ಎಲ್ಲರಿಗೂ ಹಂಚಿಕೆಯಾಗುತ್ತೆ ಅಂತ ಮಾತ್ರ ಹೇಳಬೇಡಿ. ರಿಸೆಪ್ಷನ್ನಿನಲ್ಲಿದ್ದ ಹುಡುಗ ಎಚ್.ಡಿ. ಕೋಟೆ ಕಡೆಯವನು. ಎರಡು ರಾತ್ರಿಯಿಂದ ನಿದ್ದೆ ಇರಲಿಲ್ಲ ಅವನಿಗೆ. “ರೇಟು ಐದು ಪಟ್ಟು ಸಾರ್, ಸಂಬಳ ಅಷ್ಟೇ. ಬೈಗುಳ ಮಾತ್ರ ಐದು ಪಟ್ಟು ನಂಗೇ ಬರುತ್ತೆ” ಅಂದ.

ಹಾಗಂತ ಹಳೇ ಕಾಲವೇ ಚೆಂದ ಅಂತ ಹೇಳೋಕೆ ನಾನು ಹೊರಟಿಲ್ಲ. ಬೆಂಗಳೂರಿನ ರೈಲ್ವೆ ಸ್ಟೇಷನ್ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರ ಇದೆಯಲ್ಲ, 1903ರದ್ದು, ವ್ಯಾಪಾರಿಯೊಬ್ಬರು ತಮ್ಮ ದುಡಿಮೆಯ ದುಡ್ಡನ್ನ ಪ್ರಯಾಣಿಕರಿಗೆ, ಓದೋ ಹುಡುಗರಿಗೆ ಅಂತ ಹಾಕಿ ಕಟ್ಟಿಸಿದ್ದು. ಅಂಥವರಿಂದ ನಮ್ಮ ಕಡೆಯ ಎಷ್ಟೋ ಜನ ಪಟ್ಟಣ ಕಂಡರು. ಆದರೆ ನಾಡಿನ ಎಷ್ಟೋ ಛತ್ರಗಳಲ್ಲಿ ಮೊದಲು ಕೇಳ್ತಿದ್ದ ಪ್ರಶ್ನೆ ‘ಯಾವ ಜನ?’ ಅನ್ನೋದೇ. ಆಪ್ ಆ ಪ್ರಶ್ನೆ ಕೇಳಲ್ಲ. ಕಾರ್ಡ್ ನಂಬರ್ ಕೇಳುತ್ತೆ. ಇದು ಸಣ್ಣ ಲಾಭವಲ್ಲ, ಆ ಪ್ರಶ್ನೆ ಎದುರಿಸಿದವರಿಗೆ ಗೊತ್ತು.

ನನಗೆ ಬೇಕಿರೋದು ಬೆಲೆ ಏರಲೇಬಾರದು ಅಂತಲ್ಲ. ಡಬಲ್ ಆಗಲಿ, ಹಬ್ಬ, ಒಪ್ಪೋಣ. ಆದರೆ ‘ಬಜೆಟ್’ ಅಂತ ಬೋರ್ಡು ಹಾಕ್ಕೊಂಡವನು ವರ್ಷದಲ್ಲಿ ಅತಿ ಹೆಚ್ಚು ಎಷ್ಟು ತಗೋತೀನಿ ಅನ್ನೋದನ್ನೂ ಅದೇ ಬೋರ್ಡಿನಲ್ಲಿ, ಅದೇ ಗಾತ್ರದಲ್ಲಿ ಬರೀಬೇಕು. ‘1,650ರಿಂದ 3,300ರವರೆಗೆ’. ಆಗ ಹಳ್ಳಿಯಿಂದ ಹೊರಡೋನಿಗೆ ಜೇಬಿನಲ್ಲಿ ಎಷ್ಟಿರಬೇಕು ಅಂತ ಗೊತ್ತಾಗುತ್ತೆ. ಎರಡನೇ ಖಾನೆ ತುಂಬದೆ ಸೇವ್ ಬಟನ್ ಕೆಲಸ ಮಾಡಬಾರದು, ಅಷ್ಟೇ. ಅರ್ಧ ಗಂಟೆಯ ಕೋಡ್ ಅದು, ಬರೆದವನೇ ಹೇಳ್ತಿದೀನಿ.

ಇದನ್ನ ಓದ್ತಿರೋ ನಮ್ಮಂಥವರ ಬಗ್ಗೆನೂ ಒಂದು ಮಾತು. ಜನವರಿಯಲ್ಲೇ ವರ್ಷದ ಲಾಂಗ್ ವೀಕೆಂಡುಗಳ ಪಟ್ಟಿ ವಾಟ್ಸಾಪಿನಲ್ಲಿ ಬರುತ್ತೆ, ಎಲ್ಲಿ ಒಂದು ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತೆ ಅಂತ. ನಾವು ಮೂರು ತಿಂಗಳು ಮುಂಚೆ ಬುಕ್ ಮಾಡ್ತೀವಿ, ಬೇಕಾದ್ರೆ ರದ್ದು ಮಾಡ್ತೀವಿ, ತೀರಾ ಆಗದಿದ್ರೆ ನವೆಂಬರಿನ ಬುಧವಾರ ಹೋಗ್ತೀವಿ. ಗಾರೆ ಕೆಲಸದವನಿಗೆ, ಅಂಗಡಿ ಹುಡುಗನಿಗೆ, ಹೊಲದ ಕೆಲಸ ಮುಗಿಸಿ ಬರೋನಿಗೆ ರಜೆ ಅಂದ್ರೆ ಹಬ್ಬದ ದಿನವೇ. ಪೀಕ್ ಸೀಸನ್ ಅಂತ ನಾವು ಕರೆಯೋದು ಅವರ ಪಾಲಿಗೆ ಒಂದೇ ಸೀಸನ್. ಜಂಬೂಸವಾರಿಯ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಹಾಸ್ಕೊಂಡು ಕೂತವರನ್ನ ನೋಡಿ, ಬಹಳ ಜನ ಅವರೇ.

ನಾನು 7,874 ಕೊಟ್ಟೆ. ಕೊಡೋಕೆ ಆಯ್ತು, ಕೊಟ್ಟೆ. ಅಮ್ಮ ಅಂಬಾರಿ ನೋಡಿ ಕೈ ಮುಗಿದಳು. ರೂಮಿಗೆ ಬಂದು ಮಂಡಿಗೆ ಎಣ್ಣೆ ಹಚ್ಕೊಂಡು ಮಲಗಿದಳು. ಅಪ್ಪ ಮಾತ್ರ ಮಂಚದ ಮೇಲೆ ಕೂತು ಗೋಡೆ, ಫ್ಯಾನು, ಬಕೆಟ್ಟು ಎಲ್ಲ ಒಂದು ಸಲ ನೋಡಿ, “ಇದಕ್ಕೆ ಎಷ್ಟಪ್ಪ?” ಅಂದ್ರು. “ಸಾವಿರದ ಆರುನೂರು” ಅಂದೆ. ಆಗಸ್ಟಿನ ರೇಟು ಬಾಯಿಗೆ ತಾನಾಗೇ ಬಂತು. “ಪರವಾಗಿಲ್ಲ, ಆಗಬಹುದು” ಅಂದು ದೀಪ ಆರಿಸಿದರು.

ಊರಿಗೆ ಹೋಗಿ ಅದನ್ನ ಎಲ್ಲರಿಗೂ ಹೇಳಿದಾರೆ. ಮೊನ್ನೆ ಚಿಕ್ಕಪ್ಪನ ಫೋನು. ಮುಂದಿನ ದಸರಾಕ್ಕೆ ಅವರ ಮನೆಯವರೆಲ್ಲ ಬರ್ತಾರಂತೆ, ಅದೇ ಲಾಡ್ಜಿನಲ್ಲಿ ಎರಡು ರೂಮು ಹೇಳಬೇಕಂತೆ. ಮೂರು ಸಾವಿರದ ಇನ್ನೂರು ಈಗಲೇ ಕಳಿಸ್ಲಾ ಅಂತ ಕೇಳಿದ್ರು. ಇನ್ನೂ ಟೈಮಿದೆ ಚಿಕ್ಕಪ್ಪ, ನೋಡೋಣ ಅಂದಿದೀನಿ.