ಪ್ರಯೋಗಶಾಲೆಯ ಚರ್ಮ ಮತ್ತು ಅಹಿಂಸೆ

ಪ್ರಾಣಿಗಳನ್ನು ಪೀಡಿಸದೆ ಔಷಧಿಯನ್ನು ಪರೀಕ್ಷಿಸಬಹುದೆಂಬ ಮಾತು ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಸಮಾಜಕ್ಕೆ ಹರ್ಷದಾಯಕವೇ ಸರಿ. 1944ರಲ್ಲಿ ಡ್ರೇಜ್ ಎಂಬ ವಿಜ್ಞಾನಿ ಪ್ರಕಟಿಸಿದ ವಿಧಾನದಂತೆ ಮೊಲಗಳ ಬೋಳಿಸಿದ ಚರ್ಮಕ್ಕೂ ಕಣ್ಣಿಗೂ ರಾಸಾಯನಿಕಗಳನ್ನು ಹಚ್ಚಿ ನೋಡುವುದು ದಶಕಗಳ ಕಾಲ ನಡೆದು ಬಂದಿತು. ಈಗ ಮಾನವ ಜೀವಕೋಶಗಳಿಂದ ಬೆಳೆಸಿದ ಚರ್ಮದ ಪದರ ಅನೇಕ ಪರೀಕ್ಷೆಗಳಲ್ಲಿ ಆ ಸ್ಥಾನಕ್ಕೆ ಬರುತ್ತಿದೆ. ಆದರೆ ಇದನ್ನು 'ಸಂಪೂರ್ಣ ಅಹಿಂಸಕ'ವೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಣೀಯ.

ಇಸುಬು ಅಥವಾ ಎಕ್ಸಿಮಾ ರೋಗವನ್ನೇ ತೆಗೆದುಕೊಳ್ಳೋಣ. ನೆದರ್ಲೆಂಡ್ಸ್ ದೇಶದ ನೈಮೇಖೆನ್ ನಗರದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳ ಕೋಶಗಳಿಂದಲೇ ಚರ್ಮವನ್ನು ಬೆಳೆಸಿದರು. ಅದಕ್ಕೆ ಕೋಲ್ ಟಾರನ್ನು ಸೋಂಕಿಸಿದಾಗ, ಚರ್ಮದ ರಕ್ಷಣಾಪದರಕ್ಕೆ ಆಧಾರವಾದ ಫಿಲಾಗ್ರಿನ್ ಎಂಬ ಪ್ರೋಟೀನು ಮತ್ತೆ ಹೆಚ್ಚಿತು. ಬಹುಕಾಲದಿಂದ ಬಳಕೆಯಲ್ಲಿದ್ದ ಹಳೆಯ ಔಷಧಿಯ ಗುಣಕ್ಕೆ ಹೀಗೆ ಕಾರಣ ದೊರೆಯಿತು. ಇದು ನಿಜವಾದ ಸಾಧನೆ.

ಆದರೆ ಈ ವಿದ್ಯೆಯ ಮೂಲವನ್ನು ನೋಡಬೇಕು. ಚರ್ಮಕೋಶಗಳನ್ನು ಬೆಳೆಸುವ ಪ್ರಸಿದ್ಧ ಕ್ರಮವನ್ನು 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ತೋರಿಸಿದರು. ಅದರಲ್ಲಿ ಇಲಿಯ ಕೋಶಗಳ ಆಸರೆಯೂ ಕರುವಿನ ಸೀರಮ್ಮೂ ಬೇಕಾದವು. ಇಂದಿಗೂ ಅನೇಕ ಪ್ರಯೋಗಶಾಲೆಗಳಲ್ಲಿ ಬಳಸುವ ಭ್ರೂಣ ಸೀರಮ್ಮನ್ನು ಕಸಾಯಿಖಾನೆಯಲ್ಲಿ ಕೊಂದ ಗಬ್ಬದ ಹಸುವಿನ ಹೊಟ್ಟೆಯಲ್ಲಿರುವ ಕರುವಿನ ರಕ್ತದಿಂದ ಪಡೆಯುತ್ತಾರೆ. ಮೊಲ ಉಳಿಯಿತು, ಕರು ಕಣ್ಮರೆಯಾಯಿತು. ಕೃತ, ಕಾರಿತ, ಅನುಮೋದಿತವೆಂಬ ಮೂರೂ ಬಗೆಗಳಲ್ಲಿ ಹಿಂಸೆಯನ್ನೆಣಿಸುವ ನಮ್ಮ ಧರ್ಮಕ್ಕೆ ಈ ಕಾಣದ ಪಂಚೇಂದ್ರಿಯ ಜೀವಿಯ ವಧೆಯೂ ಲೆಕ್ಕಕ್ಕೆ ಬರಲೇಬೇಕು. ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಚರ್ಮವನ್ನು ರೋಗಿಯ ಒಪ್ಪಿಗೆಯಿಲ್ಲದೆ ಬಳಸಿದರೆ ಅದು ಅದತ್ತಾದಾನ, ಅಂದರೆ ಕೊಡದುದನ್ನು ಕೊಂಡಂತೆ.

ಇನ್ನೊಂದು ಮಿತಿಯೂ ಉಂಟು. ಸಾಮಾನ್ಯವಾಗಿ ಈ ಚರ್ಮಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಇಸುಬಿನ ಮುಖ್ಯ ಬಾಧೆಯಾದ ತುರಿಕೆಯನ್ನು ಅದು ಹೇಳಲಾರದು.

ಇಷ್ಟರಿಂದ ಇದು ತ್ಯಾಜ್ಯವೆಂದು ಹೇಳುವಂತಿಲ್ಲ. ಹಿಂಸೆಯನ್ನು ಕಡಿಮೆ ಮಾಡುವುದೂ ಶ್ರಾವಕರ ಕರ್ತವ್ಯವೇ. ಸೀರಮ್ ಇಲ್ಲದ ಪೋಷಕ ದ್ರವಗಳು ಈಗ ದೊರೆಯುತ್ತವೆ. ಭಾರತದಲ್ಲಿಯೂ 2023ರ ನಿಯಮ ತಿದ್ದುಪಡಿಯು ಹೊಸ ಔಷಧಿಗಳಿಗೆ ಪ್ರಾಣಿರಹಿತ ಪರೀಕ್ಷಾಕ್ರಮಗಳ ದಾರಿಯನ್ನು ತೆರೆದಿದೆ. ಆದುದರಿಂದ ಇಂಥ ಸಂಶೋಧನೆಗೆ ಧನಸಹಾಯ ನೀಡಬಯಸುವ ಬಸದಿಗಳ ಟ್ರಸ್ಟುಗಳು ಎರಡು ಪ್ರಶ್ನೆಗಳನ್ನು ಕೇಳಲಿ: ಕೋಶಗಳನ್ನು ಪೋಷಿಸುವ ದ್ರವ ಎಲ್ಲಿಂದ ಬಂದಿತು? ಚರ್ಮವನ್ನಿತ್ತವರು ಒಪ್ಪಿ ಕೊಟ್ಟರೇ? ಸಮಾಧಾನಕರ ಉತ್ತರ ದೊರೆತಲ್ಲಿ ಧಾರಾಳವಾಗಿ ಕೊಡಲಿ.