ಉದ್ಯಮಿಯ ಆತ್ಮಕಥೆಯೂ ಮುಳುಗಿದ ನೆಲವೂ

ನಮ್ಮ ದೇಶದ ವರ್ತಕರು ಲೆಕ್ಕದ ಪುಸ್ತಕಗಳನ್ನು ಬರೆದಿಟ್ಟಷ್ಟು ಶ್ರದ್ಧೆಯಿಂದ ತಮ್ಮ ಅಂತರಂಗವನ್ನು ಬರೆದಿಟ್ಟವರಲ್ಲ. ಅಪವಾದಗಳು ಇಲ್ಲದಿಲ್ಲ. ಜೈನ ವರ್ತಕನಾದ ಬನಾರಸೀದಾಸನು 1641ರಲ್ಲಿ ಆಗ್ರಾದಲ್ಲಿ ರಚಿಸಿದ ‘ಅರ್ಧಕಥಾನಕ’ದಲ್ಲಿ ತನ್ನ ವ್ಯಾಪಾರದ ನಷ್ಟಗಳನ್ನು ಲಾಭಗಳಿಗಿಂತ ಹೆಚ್ಚು ಮನಬಿಚ್ಚಿ ಹೇಳಿಕೊಂಡಿದ್ದಾನೆ. ಪುದುಚೇರಿಯ ದುಭಾಷಿ ಆನಂದರಂಗ ಪಿಳ್ಳೆಯು 1736ರಿಂದ 1761ರವರೆಗೆ ಬರೆದ ದಿನಚರಿಯನ್ನು ಬಿಟ್ಟು ಫ್ರೆಂಚರ ಕಾಲದ ದಕ್ಷಿಣ ಭಾರತದ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ. ನಮ್ಮ ಕಾರವಾರದ ವಿಷಯವನ್ನೇ ತೆಗೆದುಕೊಂಡರೆ, 1638ರಲ್ಲಿ ಇಲ್ಲಿ ಇಂಗ್ಲಿಷರ ಕೋಠಿ ಸ್ಥಾಪನೆಗೊಂಡು ಮೆಣಸಿನ ವ್ಯಾಪಾರ ಬೆಳೆಯಿತು. ಘಟ್ಟದ ಮೇಲಿನಿಂದ ಆ ಮೆಣಸನ್ನು ಇಳಿಸಿ ತಂದು ಮಾರಿದ ಸ್ಥಳೀಯ ವರ್ತಕರಾದರೋ ಕಂಪೆನಿಯ ಪತ್ರಗಳಲ್ಲಿ ಬರಿಯ ಹೆಸರುಗಳಾಗಿ ಬಂದು ಹೋಗುತ್ತಾರೆ. ಅವರ ಬೆಲೆ ನಮಗೆ ಗೊತ್ತು, ಅವರ ಮಾತು ಗೊತ್ತಿಲ್ಲ.

ಇಂತಹ ಪರಂಪರೆಯುಳ್ಳ ನಾಡಿನಲ್ಲಿ ಒಬ್ಬ ಉದ್ಯಮಿಯು ತನ್ನ ವ್ಯವಹಾರ, ಓದು, ಮನೆ, ಮಣ್ಣು ಇವೆಲ್ಲವನ್ನೂ ಕುರಿತು ತಾನೇ ಬರೆದನೆಂದರೆ ಇತಿಹಾಸದ ವಿದ್ಯಾರ್ಥಿಯು ಅದನ್ನು ವಾಣಿಜ್ಯ ವಿಭಾಗದವರ ಪಾಲಿಗೆ ಬಿಟ್ಟುಕೊಟ್ಟು ಸುಮ್ಮನಿರಲಾಗದು. ಕ್ಯಾಪ್ಟನ್ ಜಿ. ಆರ್. ಗೋಪಿನಾಥರ ‘ಸಿಂಪ್ಲಿ ಫ್ಲೈ’ ಎಂಬ ಆತ್ಮಕಥೆ ಅಂತಹ ಒಂದು ಗ್ರಂಥ. ಇದನ್ನು ವಿಶ್ವೇಶ್ವರ ಭಟ್ಟರು ‘ಬಾನಯಾನ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. 2017ರಲ್ಲಿ ಗೋಪಿನಾಥರ ಪ್ರಬಂಧಗಳ ಸಂಕಲನವೂ ಇಂಗ್ಲಿಷಿನಲ್ಲಿ ಬೆಳಕು ಕಂಡಿತು. ಇವೆರಡನ್ನೂ ಅಗ್ಗದ ವಿಮಾನಯಾನದ ಕಥೆಯೆಂದು ಓದುವುದೇ ರೂಢಿ. ನಾವು ಇಲ್ಲಿ ಪರಿಶೀಲಿಸಹೊರಟಿರುವುದು ಆ ಕಥೆಯ ಬುಡದಲ್ಲಿರುವ, ಆದರೆ ವಾಚಕರು ಬೇಗನೆ ದಾಟಿಹೋಗುವ ಇನ್ನೊಂದು ಸಂಗತಿಯನ್ನು.

ಆ ಸಂಗತಿ ಇದು. ಗೋಪಿನಾಥರು 1951ರಲ್ಲಿ ಮೇಲುಕೋಟೆಯಲ್ಲಿ ಜನಿಸಿ ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದವರು. ತಂದೆ ಶಾಲಾ ಉಪಾಧ್ಯಾಯರು. ಬಿಜಾಪುರದ ಸೈನಿಕ ಶಾಲೆಯಲ್ಲಿ ಕಲಿತು, ಸೈನ್ಯವನ್ನು ಸೇರಿ, 1971ರ ಯುದ್ಧದಲ್ಲಿ ಭಾಗವಹಿಸಿ, ಮೂವತ್ತು ತುಂಬುವ ಮೊದಲೇ ಕ್ಯಾಪ್ಟನ್ ಹುದ್ದೆಯನ್ನು ಬಿಟ್ಟು ಊರಿಗೆ ಮರಳಿದರು. ಅಷ್ಟರಲ್ಲಿ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟಿನಿಂದಾಗಿ ಕುಟುಂಬದ ಜಮೀನು ನೀರಿನ ಪಾಲಾಗಿತ್ತು. ಅದಕ್ಕೆ ಬದಲಾಗಿ ಸರಕಾರವು ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಕಡೆ ನೆಲವನ್ನು ಕೊಟ್ಟಿತ್ತು. (ಇಂದಿನ ವಿದ್ಯಾರ್ಥಿಗಳಿಗೆ ಜಾವಗಲ್ ಎಂದೊಡನೆ ಕ್ರಿಕೆಟ್ ಆಟಗಾರ ಶ್ರೀನಾಥರು ನೆನಪಾದರೆ ನಾವು ಆಕ್ಷೇಪಿಸುವುದಿಲ್ಲ.) ಗೋಪಿನಾಥರು ಆ ನೆಲದಲ್ಲಿ ಗುಡಾರ ಹಾಕಿಕೊಂಡು ಕೃಷಿಗೆ ತೊಡಗಿದರು. ಮುಂದಿನ ಎಲ್ಲ ಉದ್ಯಮಗಳ ಮೂಲವೂ ಅಲ್ಲಿದೆ. ಎಂದರೆ, ಈ ಆತ್ಮಕಥೆಯ ನಾಯಕನು ಮುಳುಗಡೆಯ ಸಂತ್ರಸ್ತ. ವಿಮಾನದ ಕಥೆಯನ್ನು ಹೇಳುವವರು ಈ ಮಾತನ್ನು ಹೇಳುವುದಿಲ್ಲ.

ಕದ್ರಾದ ಕಡೆಯಿಂದ ಬಂದ ವಾಚಕನಿಗೆ ಇದನ್ನು ದಾಟಿಹೋಗಲು ಸಾಧ್ಯವಾಗದು. ಕದ್ರಾವು ಕಾಳಿಯ ದಂಡೆಯ ಹಳೆಯ ಊರು. ಒಂದು ಕಾಲಕ್ಕೆ ಕಾರವಾರದ ಕಡಲಿನಿಂದ ದೋಣಿಗಳು ಇಲ್ಲಿಯವರೆಗೆ ಏರಿ ಬರುತ್ತಿದ್ದುವು. ಇಂದು ಆ ಹೆಸರು ಮೊದಲು ನೆನಪಿಗೆ ತರುವುದು ಅಣೆಕಟ್ಟನ್ನು. ಕಾಳಿ ಯೋಜನೆಯ ಮೊದಲ ಹಂತದಲ್ಲಿ ಸೂಪಾ ಪಟ್ಟಣವೇ ನೀರಿನಡಿಗೆ ಹೋಗಿ, ತಾಲ್ಲೂಕಿನ ಕೇಂದ್ರವು ಜೋಯಿಡಾಕ್ಕೆ ಸರಿಯಿತು. ಎರಡನೆಯ ಹಂತದಲ್ಲಿ ಕೊಡಸಳ್ಳಿ ಮತ್ತು ಕದ್ರಾ ಅಣೆಕಟ್ಟುಗಳು ಎದ್ದುವು. ತಲಾ 50 ಮೆಗಾವ್ಯಾಟಿನ ಮೂರು ಯಂತ್ರಗಳುಳ್ಳ ಕದ್ರಾ ವಿದ್ಯುದಾಗಾರವು ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸಮಾಡತೊಡಗಿತು. ಅದೇ ಜಲಾಶಯದ ನೀರು ಕೈಗಾ ಅಣುವಿದ್ಯುತ್ ಸ್ಥಾವರಕ್ಕೂ ಬೇಕಾಯಿತು. ಆ ಸ್ಥಾವರದ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದುವು. ಕೆಳಗೆ ಕರಾವಳಿಯಲ್ಲಿ, 1986ರಲ್ಲಿ ಶಂಕುಸ್ಥಾಪನೆಗೊಂಡ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಹಲವು ಹಳ್ಳಿಗಳು ಎದ್ದುಹೋದುವು. ಉಳಿದವರಿಗೂ ಕಾಳಿಯು ತನ್ನ ಇರವನ್ನು ಆಗಾಗ ನೆನಪಿಸುತ್ತಾಳೆ: 2021ರ ಜುಲೈಯಲ್ಲಿ ಕದ್ರಾದ ಬಾಗಿಲುಗಳನ್ನು ತೆರೆದಾಗ ಕೆಳದಂಡೆಯ ಊರುಗಳು ನೀರಿನಲ್ಲಿ ನಿಂತುವು. ನಮ್ಮ ತರಗತಿಗಳಲ್ಲಿ ಮುಳುಗಡೆ ಕುಟುಂಬಗಳ ಮಕ್ಕಳೂ ಮೊಮ್ಮಕ್ಕಳೂ ಕುಳಿತಿರುತ್ತಾರೆ. ನೆಲವನ್ನು ಕಳೆದುಕೊಂಡವನು ವಿಮಾನ ಸಂಸ್ಥೆಯನ್ನು ಕಟ್ಟಿದನೆಂಬ ಕಥೆಯನ್ನು ಅವರ ಕೈಗೆ ಕೊಡುವಾಗ ಆ ಕಥೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ನಾವು ತಿಳಿದಿರಬೇಕು.

ಇರುವುದನ್ನು ಮೊದಲು ಹೇಳೋಣ. ಜಾವಗಲ್ಲಿನ ಅಧ್ಯಾಯಗಳು ಈ ಗ್ರಂಥದ ಅತ್ಯುತ್ತಮ ಭಾಗವೆಂದು ನಮ್ಮ ನಿಶ್ಚಿತ ಅಭಿಪ್ರಾಯ. ನೀರಿಲ್ಲದ ನೆಲದಲ್ಲಿ ತೆಂಗಿನ ಸಸಿಗಳನ್ನು ಉಳಿಸಿಕೊಳ್ಳುವ ಪಾಡು, ಸಾಲ, ರೇಷ್ಮೆಹುಳುವಿನ ಸಾಕಣೆ, ಗೊಬ್ಬರಕ್ಕೂ ಔಷಧಕ್ಕೂ ಕೊಟ್ಟ ಹಣವು ಬೆಳೆಯ ಹಣವನ್ನು ನುಂಗಿಹಾಕುವ ಲೆಕ್ಕ, ಇವೆಲ್ಲ ಅಲ್ಲಿ ಬಣ್ಣವಿಲ್ಲದೆ ಬಂದಿವೆ. ಆ ಲೆಕ್ಕವೇ ಅವರನ್ನು ಸಹಜ ಕೃಷಿಯ ಕಡೆಗೆ ತಿರುಗಿಸಿತು. ಜಪಾನಿನ ಮಸನೊಬು ಫುಕುವೋಕಾರ ವಿಚಾರಗಳು ಅವರಿಗೆ ದಾರಿ ತೋರಿದುವು. ಪರಿಸರಕ್ಕೆ ಹೊಂದುವ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪುರಸ್ಕಾರವೂ ದೊರೆಯಿತು. ಪುರಸ್ಕಾರಕ್ಕಿಂತ ನಮಗೆ ಮುಖ್ಯವಾದುದು ಈ ಭಾಗದ ಧ್ವನಿ. ಇಲ್ಲಿ ಲೇಖಕರು ಸೋಲನ್ನು ಪಾಠವೆಂದು ಕರೆಯಲು ಅವಸರಪಡುವುದಿಲ್ಲ. ಸತ್ತ ಸಸಿಯು ಸತ್ತ ಸಸಿಯಾಗಿಯೇ ಉಳಿಯುತ್ತದೆ. ದುಡಿಯಲು ಬಂದವರು, ನೆರೆಯ ರೈತರು, ಹೊಸದಾಗಿ ಬಂದು ಆ ಬಾಳನ್ನು ಒಪ್ಪಿಕೊಂಡ ಪತ್ನಿ, ಎಲ್ಲರಿಗೂ ಇಲ್ಲಿ ಮುಖವಿದೆ. ಒಬ್ಬ ಉಪಾಧ್ಯಾಯನ ಮಗನು, ಅದೂ ಪುಸ್ತಕಗಳ ನಡುವೆ ಬೆಳೆದವನು, ಮಣ್ಣಿನ ಮುಂದೆ ನಿರಕ್ಷರಿಯಾಗಿ ನಿಂತು ಓದಲು ಕಲಿಯುವ ಈ ಪುಟಗಳನ್ನು ಕರ್ನಾಟಕದ ಕೃಷಿ ಚರಿತ್ರೆಯನ್ನು ಕಲಿಸುವವರು ಧಾರಾಳವಾಗಿ ಆಧಾರವಾಗಿ ಬಳಸಬಹುದು.

ಅಲ್ಲಿಂದ ಮುಂದೆ ಹಾಸನದಲ್ಲಿ ಉಪಾಹಾರಗೃಹ, ಮೋಟಾರ್ ಸೈಕಲ್ ಮಾರಾಟ, ನೀರಾವರಿ ಉಪಕರಣಗಳ ವ್ಯವಹಾರ ಇತ್ಯಾದಿ ಬರುತ್ತವೆ. 1994ರಲ್ಲಿ ಗಂಡಸಿ ಕ್ಷೇತ್ರದಿಂದ ವಿಧಾನಸಭೆಗೆ ಸ್ಪರ್ಧಿಸಿ ಸೋತುದೂ ಈ ಅವಧಿಯಲ್ಲಿಯೇ. ಇವುಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಸೈನ್ಯದ ಒಡನಾಡಿ ಕ್ಯಾಪ್ಟನ್ ಸ್ಯಾಮ್ಯುಯೆಲರೊಡನೆ ಹೆಲಿಕಾಪ್ಟರ್ ಸಂಸ್ಥೆಯನ್ನು ಕಟ್ಟಿದುದು ಮತ್ತು 2003ರಲ್ಲಿ ಏರ್ ಡೆಕ್ಕನ್ ಆರಂಭವಾದುದು ಗ್ರಂಥದ ಉತ್ತರಾರ್ಧ. ಹೆಲಿಕಾಪ್ಟರಿನಿಂದ ಕೆಳಗೆ ನೋಡಿದಾಗ ಬಡವರ ಮನೆಗಳ ಮೇಲೂ ದೂರದರ್ಶನದ ಆ್ಯಂಟೆನಾಗಳು ಕಂಡು, ಈ ಜನ ಉಣಿಸಬೇಕಾದ ಬಾಯಿಗಳಲ್ಲ, ಕೊಳ್ಳಬಲ್ಲ ಗ್ರಾಹಕರು ಎಂದು ಹೊಳೆದ ಪ್ರಸಂಗ ಪ್ರಸಿದ್ಧವಾಗಿದೆ. ಈ ಹೊಳಹಿನ ಬೆಲೆಯನ್ನು ನಾವು ಕಡಿಮೆ ಮಾಡುವುದಿಲ್ಲ. ಒಂದು ರೂಪಾಯಿಯ ಟಿಕೆಟ್ಟು ಪ್ರಚಾರದ ಮಾತಾಗಿದ್ದಿರಬಹುದು. ಆದರೆ ವಿಮಾನವನ್ನು ಆಕಾಶದಲ್ಲಿ ಮಾತ್ರ ಕಂಡಿದ್ದ ಸಾವಿರಾರು ಮಂದಿ ಅದರೊಳಗೆ ಕುಳಿತರು, ಚಿಕ್ಕ ಪಟ್ಟಣಗಳು ವಿಮಾನದ ನಕ್ಷೆಗೆ ಬಂದುವು. ಇದು ನಡೆದ ಸಂಗತಿ.

ಆದರೂ ಎತ್ತರವು ದೃಷ್ಟಿಗೆ ಮಾಡುವ ಒಂದು ಅಪಾಯವಿದೆ. ಹೆಲಿಕಾಪ್ಟರಿನಿಂದ ಮನೆಯ ಮೇಲಿನ ಆ್ಯಂಟೆನಾ ಕಾಣುತ್ತದೆ, ಮನೆಯೊಳಗಿನ ಮಾತು ಕೇಳಿಸದು. ಜಾವಗಲ್ಲಿನಲ್ಲಿ ಮುಖಗಳಾಗಿದ್ದ ಜನ ಉತ್ತರಾರ್ಧದಲ್ಲಿ ಸಂಖ್ಯೆಗಳಾಗುತ್ತಾರೆ. ಏರ್ ಡೆಕ್ಕನ್ ತನ್ನ ಲಾಂಛನವಾಗಿ ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ನನ್ನು ಆರಿಸಿಕೊಂಡಿತು. ಆಯ್ಕೆ ಸೊಗಸಾದುದೇ, ಆದರೆ ಲಕ್ಷ್ಮಣರ ಆ ಮುದುಕನು ಎಲ್ಲವನ್ನೂ ನೋಡುತ್ತಾನೆ, ಮಾತನ್ನು ಮಾತ್ರ ಆಡುವುದಿಲ್ಲ. ಗ್ರಂಥದ ಈ ಭಾಗದ ಪ್ರಯಾಣಿಕನೂ ಬಹುಮಟ್ಟಿಗೆ ಹಾಗೆಯೇ ಇದ್ದಾನೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಸರಕಾರದ ಚಿತ್ರಣದ ವಿಷಯದಲ್ಲಿದೆ. ಪರವಾನಗಿ, ತಡೆ, ಕಡತ, ವಿಳಂಬ: ಉದ್ಯಮದ ಅಧ್ಯಾಯಗಳಲ್ಲಿ ರಾಜ್ಯವು ಮುಖ್ಯವಾಗಿ ಈ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಲೇಖಕರು ಪಟ್ಟ ಕಷ್ಟ ನಿಜವಾದುದು; ಆ ಕಾಲದ ಕಚೇರಿಗಳನ್ನು ಕಂಡವರಾರೂ ಅದನ್ನು ಅಲ್ಲಗಳೆಯಲಾರರು. ಆದರೆ ಇದೇ ರಾಜ್ಯವು ಮೊದಲು ಅವರ ನೆಲವನ್ನು ತೆಗೆದುಕೊಂಡಿತು, ಆಮೇಲೆ ನೆಲವನ್ನು ಕೊಟ್ಟಿತು. ತೆಗೆದುಕೊಂಡುದಕ್ಕೆ ಪ್ರತಿಯಾಗಿ ಕೊಡಬೇಕೆಂದು ಅದು ಒಪ್ಪಿದುದು ಕುಟುಂಬದ ಹೆಸರು ದಾಖಲೆಯಲ್ಲಿ ಇದ್ದುದರಿಂದ. ಮುಳುಗಡೆಯಲ್ಲಿ ಎಲ್ಲರೂ ಒಂದೇ ನೀರಿನಲ್ಲಿ ಮುಳುಗುತ್ತಾರೆ, ಎಲ್ಲರೂ ಒಂದೇ ರೀತಿ ತೇಲುವುದಿಲ್ಲ. ಪಹಣಿಯಲ್ಲಿ ಹೆಸರಿದ್ದವನಿಗೆ ಬದಲು ನೆಲವೋ ಪರಿಹಾರವೋ ಕೇಳುವ ಹಕ್ಕಿದೆ. ಗೇಣಿಗೆ ಉಳುತ್ತಿದ್ದವನಿಗೆ, ಕಾಡಿನ ಉಪ್ಪಾಗೆ, ಮುರುಗಲು, ಜೇನುಗಳಿಂದ ಬಾಳುತ್ತಿದ್ದವನಿಗೆ ಆ ಹಕ್ಕನ್ನು ತೋರಿಸಲು ಕಾಗದವಿಲ್ಲ. ಉತ್ತರ ಕನ್ನಡದಲ್ಲಿ ಈ ಕಾಗದವಿಲ್ಲದ ಸ್ಥಿತಿಗೆ ಹಳೆಯ ಚರಿತ್ರೆಯಿದೆ. 1862ರಲ್ಲಿ ಈ ಜಿಲ್ಲೆಯು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾದ ಆ ಆಸುಪಾಸಿನ ವರ್ಷಗಳಲ್ಲಿಯೇ ಕುಮರಿ ಬೇಸಾಯವನ್ನು ಬಿಗಿಯಾಗಿ ನಿರ್ಬಂಧಿಸಲಾಯಿತು. ತಲೆಮಾರುಗಳಿಂದ ಕಾಡನ್ನು ಸವರಿ ಬೆಳೆಯುತ್ತಿದ್ದವರು ಅರಣ್ಯ ಇಲಾಖೆಯ ದೃಷ್ಟಿಯಲ್ಲಿ ಅತಿಕ್ರಮಣಕಾರರಾದರು. ಶತಮಾನದ ಮೇಲೆ ಅಣೆಕಟ್ಟು ಬಂದಾಗ ಆ ಹಳೆಯ ನಿರ್ಬಂಧವೇ ಯಾರಿಗೆ ಏನು ಸಲ್ಲಬೇಕೆಂಬುದನ್ನು ಅರ್ಧ ತೀರ್ಮಾನಿಸಿಬಿಟ್ಟಿತ್ತು.

ಆದ್ದರಿಂದ ಗೋಪಿನಾಥರ ಸಾಧನೆಯನ್ನು ಬರಿಯ ಛಲದ ಫಲವೆಂದು ವಿದ್ಯಾರ್ಥಿಗಳಿಗೆ ಬೋಧಿಸುವುದು ಅನ್ಯಾಯವಾಗುತ್ತದೆ. ಛಲವಿತ್ತು, ಅಪಾರವಾಗಿಯೇ ಇತ್ತು. ಅದರ ಜೊತೆಗೆ ಅಕ್ಷರವಿತ್ತು, ಸೈನ್ಯದ ಒಡನಾಟವಿತ್ತು, ಹೆಸರು ಬರೆದ ಒಂದು ಕಾಗದವಿತ್ತು. ಪುನರ್ವಸತಿ ಕೇಂದ್ರದಲ್ಲಿ ಬೆಳೆದ ಹುಡುಗನು ಈ ಪುಸ್ತಕವನ್ನು ಓದಿ, ತನ್ನ ಅಜ್ಜನಿಗೆ ಛಲ ಸಾಲದಾಗಿತ್ತೆಂದು ತಿಳಿಯಬಾರದು.

ಈ ಪ್ರಶ್ನೆ ನಮ್ಮ ಪ್ರದೇಶದಲ್ಲಿ ಇನ್ನೊಂದು ಸುತ್ತು ಸುತ್ತಿ ಬಂದಿದೆ. ಚಿಕ್ಕ ಊರುಗಳಿಗೂ ವಿಮಾನ ಬರಬೇಕೆಂಬುದು ಗೋಪಿನಾಥರ ಕನಸು. ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣದ ಯೋಜನೆ ಬಂದಾಗ ಅದು ಮೊದಲು ಬಂದುದು ಭೂಸ್ವಾಧೀನದ ಪ್ರಕಟಣೆಯಾಗಿ. ಕೊಂಕಣ ರೈಲ್ವೆಗೆ, ಹೆದ್ದಾರಿಗೆ, ನೌಕಾನೆಲೆಗೆ ನೆಲ ಕೊಟ್ಟ ತಾಲ್ಲೂಕು ಅದು. ವಿಮಾನ ಬೇಡವೆಂದು ನಾವು ಹೇಳುತ್ತಿಲ್ಲ. ಕಾರವಾರದಿಂದ ರೋಗಿಯನ್ನು ಗಂಟೆಗಟ್ಟಲೆ ರಸ್ತೆಯಲ್ಲಿ ಸಾಗಿಸಿದವರು ಹಾಗೆ ಹೇಳಲಾರರು. ಆದರೆ ಓಡುದಾರಿಯೂ ನೆಲದ ಮೇಲೆಯೇ ಹಾಸಬೇಕಾದುದು ಎಂಬ ಮಾತು, ತನ್ನ ನೆಲವನ್ನೇ ಯೋಜನೆಗೆ ಕಳೆದುಕೊಂಡ ಲೇಖಕನಿಂದ ಬಂದಿದ್ದರೆ ಅದರ ತೂಕವೇ ಬೇರೆಯಾಗುತ್ತಿತ್ತು.

ಪ್ರಬಂಧಗಳ ಸಂಕಲನದಲ್ಲಿ ಲೇಖಕರು ಹೆಚ್ಚು ಬಿಡುವಾಗಿ ಮಾತಾಡುತ್ತಾರೆ. ಆತ್ಮಕಥೆಯು ಬಂದುದು ಸರಕು ಸಾಗಣೆಯ ಹೊಸ ವಿಮಾನ ಸಂಸ್ಥೆಯ ಹೊಸ್ತಿಲಿನಲ್ಲಿ, ಉತ್ಸಾಹದ ಸ್ವರದಲ್ಲಿ. ಆ ಸಂಸ್ಥೆ ಹೆಚ್ಚು ಕಾಲ ನಡೆಯಲಿಲ್ಲ. ಏರ್ ಡೆಕ್ಕನನ್ನು 2008ರಲ್ಲಿ ತನ್ನೊಳಗೆ ಸೇರಿಸಿಕೊಂಡ ಕಿಂಗ್‌ಫಿಷರ್ 2012ರಲ್ಲಿ ಹಾರಾಟವನ್ನೇ ನಿಲ್ಲಿಸಿತು. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ನಿಂತು ಸೋತುದೂ ಆಗಿತ್ತು. ಇಷ್ಟರ ಮೇಲೆ ಬರೆದ ಪ್ರಬಂಧಗಳಲ್ಲಿ ರಾಜಕೀಯ, ಅರ್ಥನೀತಿ, ಸಂಸ್ಕೃತಿಗಳ ಚರ್ಚೆಯ ನಡುವೆ ದಿನದಿನದ ಬದುಕಿನ ನೋಟಗಳು ಬಂದಾಗ ಬರವಣಿಗೆಗೆ ಮತ್ತೆ ಜಾವಗಲ್ಲಿನ ಹದ ಬರುತ್ತದೆ. ಗೊರೂರು ಎಂದರೆ ಕನ್ನಡಿಗರಿಗೆ ‘ಹಳ್ಳಿಯ ಚಿತ್ರಗಳು’ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಊರು. ಆ ದಂಡೆಯ ಇನ್ನೊಬ್ಬ ಬರಹಗಾರರು ತಮ್ಮ ಅನುಭವವನ್ನು ಇಂಗ್ಲಿಷಿನಲ್ಲಿ ಬರೆದು ಅನುವಾದದ ಮೂಲಕ ಮನೆಗೆ ಮರಳಿದುದು ನಮಗೆ ಸ್ವಲ್ಪ ನೋವಿನ ಸಂಗತಿ. ಕಾಲದ ಗತಿ ಎನ್ನೋಣ.

ಹೋಲಿಕೆಗೆ ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ನೆನಪಾಗುತ್ತದೆ. ಕಾರಂತರೂ ಪತ್ರಿಕೆ, ಮುದ್ರಣಾಲಯ, ಪ್ರಯೋಗಗಳೆಂದು ಕೈಸುಟ್ಟುಕೊಂಡವರೇ. ಕೈಗಾ ಸ್ಥಾವರವನ್ನು ವಿರೋಧಿಸಿ 1989ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತವರೂ ಹೌದು. ಅವರ ಆತ್ಮಕಥೆಯಲ್ಲಿ ಸೋಲುಗಳು ಯಾವ ಗೆಲುವಿಗೂ ಮೆಟ್ಟಿಲಾಗಬೇಕಾಗಿಲ್ಲ. ಉದ್ಯಮಿಯ ಆತ್ಮಕಥೆಗೆ ಆ ಸ್ವಾತಂತ್ರ್ಯ ಕಡಿಮೆ. ಸಾಲ ಕೊಡುವವನೂ ಷೇರು ಕೊಳ್ಳುವವನೂ ಅದರ ವಾಚಕರಲ್ಲವೆ?

ಕೊನೆಯದಾಗಿ ಸಂಶೋಧನ ವಿದ್ಯಾರ್ಥಿಗಳ ಗಮನಕ್ಕೆ ಒಂದು ವಿಷಯ. ಜಾವಗಲ್ಲಿನ ಆ ನೆಲವನ್ನು ಗ್ರಂಥವು ಬರಡು ಭೂಮಿಯಾಗಿ ಕಾಣಿಸುತ್ತದೆ. ಹಸ್ತಾಂತರಕ್ಕೆ ಮೊದಲು ಅಲ್ಲಿ ಯಾರ ದನಗಳು ಮೇಯುತ್ತಿದ್ದುವು, ಯಾರು ಸೌದೆಗೆ ಬರುತ್ತಿದ್ದರು ಎಂಬುದು ಲೇಖಕರ ಆಸಕ್ತಿಯ ಹೊರಗೆ ಉಳಿದಿದೆ. ‘ಬೀಳು’, ‘ಖರಾಬು’ ಎಂಬ ಕಂದಾಯದ ಮಾತುಗಳು ಎಷ್ಟೋ ಬಾರಿ ಬಳಕೆಯಲ್ಲಿದ್ದ ಗೋಮಾಳವನ್ನೂ ಕಾಡನ್ನೂ ಮುಚ್ಚಿಡುತ್ತವೆ. ಒಂದು ಮುಳುಗಡೆಯ ಪರಿಹಾರವು ಇನ್ನೊಂದು ಊರಿನ ಮೇವಿನ ನೆಲದಿಂದ ಬಂದಿರಬಹುದು. ಹೇಮಾವತಿಯ ಸಂತ್ರಸ್ತರಿಗೆ ಕೊಟ್ಟ ನೆಲಗಳ ಹಿಂದಿನ ಪಹಣಿಗಳನ್ನೂ, ಕಾಳಿಯ ಸಂತ್ರಸ್ತರನ್ನು ನೆಲೆಗೊಳಿಸಿದ ಜಾಗಗಳ ಹಿಂದಿನ ಅರಣ್ಯ ದಾಖಲೆಗಳನ್ನೂ ಜೊತೆಯಲ್ಲಿಟ್ಟು ಓದುವ ಕೆಲಸವನ್ನು ಕಾರವಾರದ ಕಂದಾಯ ಕಚೇರಿಯಿಂದಲೇ ಆರಂಭಿಸಬಹುದು.