‘ಗೆಡ್ಡೆ’ ಎಂಬ ಒಂದೇ ಮಾತು: ನಮ್ಮ ವೈದ್ಯಗದ್ಯದ ಒಂದು ಕೊರತೆ

ಕನ್ನಡದ ಆರೋಗ್ಯಬರಹಗಳಲ್ಲಿ ಜಠರದೊಳಗೆ ಬೆಳೆಯುವ ನಾನಾ ಬಗೆಯ ಉಬ್ಬುಗಳಿಗೆ ‘ಗೆಡ್ಡೆ’ ಎಂಬ ಒಂದೇ ಹೆಸರು ಸಲ್ಲುತ್ತಿರುವುದನ್ನು ವಾಚಕರು ಗಮನಿಸಿರಬಹುದು. ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯ ಹೆಮ್ಮಿಗೆಯಂತಹ ಊರಿನ ಒಕ್ಕಲಿಗನಿಗೆ ಗೆಡ್ಡೆಯೆಂದರೆ ನೆಲದಲ್ಲಿ ಬೆಳೆಯುವ ಗೆಣಸು. ಹೊಟ್ಟೆಯ ಗೆಡ್ಡೆಯೆಂದರೆ ಸಾವಿನ ಕರೆ. ಇವೆರಡರ ನಡುವೆ ಬೇರೊಂದು ಅರ್ಥಕ್ಕೆ ಎಡೆಗೊಡದಿರುವುದೇ ಈ ಬರಹಗಳ ಮುಖ್ಯ ದೋಷ.

ಶಾಸ್ತ್ರವಾದರೋ ಭಾಷೆಗಿಂತ ಬಹುದೂರ ನಡೆದಿದೆ. ಸಾಧಾರಣ ಎಂಡೋಸ್ಕೋಪು ಜಠರದ ಒಳಮೈಯನ್ನು ಮಾತ್ರ ಕಾಣಬಲ್ಲದು. ಉಬ್ಬು ಯಾವ ಪದರದಲ್ಲಿ ಹುಟ್ಟಿತೆಂಬುದನ್ನು ಹೇಳಲಾರದು. 1980ರ ಸುಮಾರಿಗೆ ತಲೆದೋರಿದ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ, ಬಾಯಿಂದ ಇಳಿಸಿದ ನಳಿಗೆಯ ತುದಿಯಿಂದ ಹೊರಟ ಶ್ರವಣಾತೀತ ಧ್ವನಿ ಜಠರದ ಭಿತ್ತಿಯನ್ನು 5 ಪದರಗಳಾಗಿ ತೋರುತ್ತದೆ. ರಸಬಾಳೆಯ ನಾಡಿನವರು ಬಾಳೆಯ ಗಿಡವನ್ನು ಅಡ್ಡ ಕೊಯ್ದಾಗ ಕಾಣುವ ಪಟ್ಟೆಗಳನ್ನು ನೆನೆದರೆ ಸಾಕು. ಮೂರನೆಯ ಪದರದಲ್ಲಿ ಬೆಳ್ಳಗೆ ತೋರುವುದು ಸಾಮಾನ್ಯವಾಗಿ ನಿರಪಾಯವಾದ ಕೊಬ್ಬಿನ ಗಂತಿ. ನಾಲ್ಕನೆಯದಾದ ಸ್ನಾಯುಪದರದಲ್ಲಿ ಕಪ್ಪಾಗಿ ತೋರುವುದು ಸ್ನಾಯುಗಂತಿಯಾಗಿರಬಹುದು, ‘ಜಿಸ್ಟ್’ ಎಂಬುದಾಗಿರಬಹುದು. ಒಳಪದರದಲ್ಲಿ ಹುಟ್ಟಿ, ಪದರಗಳ ಗೆರೆಗಳನ್ನೇ ಅಳಿಸುತ್ತ ಸಾಗುವುದು ಏಡಿಗಂತಿಯ ಲಕ್ಷಣ.

ಹಾಗೆಂದು ಚಿತ್ರವನ್ನೇ ತೀರ್ಪೆಂದು ಬರೆಯುವುದು ಇನ್ನೊಂದು ದೋಷವಾದೀತು. ಸ್ನಾಯುಗಂತಿಯೂ ಜಿಸ್ಟೂ ಚಿತ್ರದಲ್ಲಿ ಬಹುಮಟ್ಟಿಗೆ ಒಂದೇ ತೆರ. ಸೂಜಿಯಿಂದ ತುಣುಕು ತೆಗೆದು, ‘ಕಿಟ್’ ಎಂಬ ಪ್ರೋಟೀನಿನ ಗುರುತನ್ನು ಅರಸಬೇಕು. ಜಿಸ್ಟಿಗೂ ಕಿಟ್ ಜೀನಿನ ವಿಕೃತಿಗೂ ಇರುವ ನಂಟನ್ನು ಜಪಾನಿನ ಹಿರೋಟಾ ಮತ್ತು ಸಂಗಡಿಗರು 1998ರಲ್ಲಿ ತೋರಿದರು. ತೊಂದರೆ ಕೊಡದ ಸಣ್ಣ ಸ್ನಾಯುಗಂತಿಯನ್ನು ಹಾಗೆಯೇ ಬಿಡಬಹುದು. ಜಿಸ್ಟನ್ನು ಅದರ ಗಾತ್ರವನ್ನೂ ಕೋಶವಿಭಜನೆಯನ್ನೂ ನೋಡಿ ಅಳೆಯಬೇಕು, ಹಲವೊಮ್ಮೆ ಕೊಯ್ದು ತೆಗೆಯಬೇಕು. ಒಂದೇ ಮಾತು ಈ ಎರಡನ್ನೂ ಹೊತ್ತರೆ ಒಬ್ಬ ರೋಗಿ ವೃಥಾ ಹೆದರುತ್ತಾನೆ, ಮತ್ತೊಬ್ಬ ವೃಥಾ ನೆಮ್ಮದಿಗೊಳ್ಳುತ್ತಾನೆ.

‘ಗೆಡ್ಡೆ’ಯ ಬದಲು ‘ಅರ್ಬುದ’ವೆಂದು ಬರೆದರೆ ಉಡುಪು ಬದಲಾದೀತೇ ಹೊರತು ದೋಷ ತೊಲಗದು, ಆ ಮಾತೂ ಒಮ್ಮೆ ಗಂತಿಮಾತ್ರಕ್ಕೆ, ಒಮ್ಮೆ ಕ್ಯಾನ್ಸರಿಗೆ ಸಲ್ಲುತ್ತಿದೆ. ‘ಗಂತಿ’ಯನ್ನು ಸಾಮಾನ್ಯನಾಮವಾಗಿಟ್ಟು, ‘ಏಡಿಗಂತಿ’ಯನ್ನು ಕ್ಯಾನ್ಸರಿಗೆ ಮಾತ್ರ ಮೀಸಲಿಟ್ಟು, ಕೊಬ್ಬುಗಂತಿ, ಸ್ನಾಯುಗಂತಿಗಳನ್ನು ಬಿಡಿಬಿಡಿಯಾಗಿ ಹೆಸರಿಸುವುದು ಉಚಿತ. ಕನ್ನಡ ರೂಪ ನೆಲೆಗೊಳ್ಳುವವರೆಗೆ ‘ಜಿಸ್ಟ್’ ಹಾಗೆಯೇ ಇರಲಿ. ಪರಿಭಾಷೆಯ ಬೆಲೆ ಅದರ ಶುದ್ಧಿಯಿಂದಲ್ಲ, ಅದು ತೋರಿಸಿಕೊಡುವ ಭೇದದಿಂದ ನಿರ್ಣಯವಾಗತಕ್ಕದ್ದು.